ಈಜುಗುಂಡಿಯ ನಡುವಿನ ಸಾಕ್ಷಿ

ಮಣ್ಣು ಕೆಲಸದ ಉಚ್ಚಂಗಪ್ಪನಿಗೆ ನೂರ ಎಂಟು ರೂಪಾಯಿ ಬರಬೇಕು. ಕೊಡಬೇಕಾದವನು ಶಿಕಾರಿಪುರದ ಅಕ್ಕಿ ಗಿರಣಿಯ ಶಾಂತವೀರಪ್ಪ. ಐವತ್ತೆಂಟನೇ ಇಸವಿಯ ಮೃಗಶಿರ ಮಳೆಯಲ್ಲಿ ಕೈಗೆ ಬರಬೇಕಾಗಿದ್ದ ದುಡ್ಡು. ಇವತ್ತಿಗೂ ಬಂದಿಲ್ಲ.

ಉಚ್ಚಂಗಪ್ಪ ದಾವಣಗೆರೆ ಕಡೆಯಿಂದ ಬಂದ ಮಣ್ಣೊಡ್ಡರ ಮೇಸ್ತ್ರಿ. ಹೊಸಬಾಳೆಯ ಕೆರೆ ಏರಿಯ ಕೆಳಗೆ ಅವನ ಕಡೆಯವರ ನಾಲ್ಕು ಗುಡಿಸಲು. ಗಂಡಸರು ಹೆಂಗಸರು ಸೇರಿ ಹನ್ನೆರಡು ಜನ, ಆರು ಕತ್ತೆ. ಗಂಡಸರು ಅಗೆಯುವುದು, ಹೆಂಗಸರು ಬುಟ್ಟಿ ತುಂಬುವುದು, ಕತ್ತೆ ಹೊರುವುದು. ಮಳೆ ಹಿಡಿದರೆ ನಾಲ್ಕು ತಿಂಗಳು ಇವರಿಗೆ ಕೆಲಸವಿಲ್ಲ. ಬೇಸಿಗೆ ಮುಗಿಯುವುದರೊಳಗೆ ಕೈಗೆ ಬಂದದ್ದರಲ್ಲಿ ಜೋಳ ತಂದು ಗುಡಾಣ ತುಂಬಿಸಿಕೊಂಡರೆ ಉಂಟು, ಇಲ್ಲವಾದರೆ ಇಲ್ಲ.

ಆ ವರ್ಷ ಯುಗಾದಿ ಕಳೆದ ಮೇಲೆ ಶಾಂತವೀರಪ್ಪ ಅವನಿಗೆ ಹೇಳಿಕಳಿಸಿದ. ದಸರೆಗೆ ಮೈಸೂರಿಗೆ ಹೋಗಿದ್ದಾಗ ಯಾವನೋ ಶ್ರೀಮಂತನ ಮನೆ ಹಿಂದೆ ನೀಲಿ ನೀರಿನ ಕೊಳ ನೋಡಿಕೊಂಡು ಬಂದಿದ್ದ. ಅಂಥದೇ ಒಂದು ತನ್ನ ಹಿತ್ತಲಲ್ಲೂ ಆಗಬೇಕು. ಅರವತ್ತು ಅಡಿ ಉದ್ದ, ಮೂವತ್ತು ಅಡಿ ಅಗಲ.

"ಯಾವ ಬೆಳೆಗೆ ನೀರು ಸಾವ್ಕಾರ್ರೆ?" ಎಂದು ಉಚ್ಚಂಗಪ್ಪ ಕೇಳಿದ.

"ಬೆಳೆಗಲ್ಲಲೇ. ಈಜೋಕೆ."

"ಹುಚ್ಚರಾಯನ ಕೆರೆ ಅಷ್ಟುದ್ದ ಬಿದ್ದೈತಲ್ರೀ?"

"ಅದರಾಗೆ ಊರೆಲ್ಲಾ ಎಮ್ಮೆ ತೊಳೀತೈತೆ. ನೀನು ಅಗಿ, ಈಜೋ ಚಿಂತೆ ನಂದು."

ಸಾವಿರ ಘನ ಅಡಿಗೆ ಮೂವತ್ತು ರೂಪಾಯಿ ಎಂದು ಮಾತಾಯಿತು. ಮುಂಗಡ ಅರವತ್ತು. ಊರಿನವರು ಅದಕ್ಕೆ ಈಜುಗುಂಡಿ ಎಂದು ಹೆಸರಿಟ್ಟರು. ಹಿತ್ತಲ ಗೋಡೆಯ ಮೇಲೆ ಗಲ್ಲ ಊರಿಕೊಂಡು ನೋಡುವವರಿಗೆ ಒಂದು ತಿಂಗಳು ಬೇರೆ ಹೊತ್ತುಗಳೆಯುವ ಕೆಲಸ ಬೇಕಾಗಲಿಲ್ಲ.

ಆ ಹಿತ್ತಲು ಬೋರಲು ಹಾಕಿದ ಬುಟ್ಟಿಯ ಹಾಗಿತ್ತು. ಅಂಚು ತಗ್ಗು, ನಡು ಉಬ್ಬು. ಅಂಚಿನಲ್ಲಿ ಐದು ಅಡಿ ಅಗೆದರೆ ತಳ ಸಿಗುತ್ತದೆ, ನಡುವೆ ಒಂಬತ್ತು ಅಡಿ ಅಗೆಯಬೇಕು. ಇಂಥ ಜಾಗದಲ್ಲಿ ಮಣ್ಣು ಕೆಲಸದವರು ಎಲ್ಲವನ್ನೂ ಅಗೆದು ತೆಗೆಯುವುದಿಲ್ಲ. ನಡುವೆ ಎರಡು ತೋಳು ಬಳಸುವಷ್ಟು ದಪ್ಪದ ಒಂದು ಮಣ್ಣಿನ ಕಂಬವನ್ನು ಹಾಗೇ ನಿಲ್ಲಿಸಿಕೊಳ್ಳುತ್ತಾರೆ. ಅದಕ್ಕೆ ಸಾಕ್ಷಿಗುಡ್ಡೆ ಅನ್ನುತ್ತಾರೆ. ನೆಲ ಮೊದಲು ಎಷ್ಟು ಎತ್ತರಕ್ಕಿತ್ತು ಎಂದು ಹೇಳುವುದು ಅದೊಂದೇ. ಅಳತೆಯ ದಿನ ಅಂಚಿನ ಆಳ, ಗುಡ್ಡೆಯ ಎತ್ತರ ಎರಡನ್ನೂ ಕೂಡಿಸಿ ಅರ್ಧ ಮಾಡುತ್ತಾರೆ. ಐದು, ಒಂಬತ್ತು, ಸರಾಸರಿ ಏಳು. ಅಳತೆ ಮುಗಿದ ಮೇಲೆ ಗುಡ್ಡೆ ಕೆಡವುತ್ತಾರೆ.

ಗುಡ್ಡೆಯ ತಲೆಯ ಮೇಲೆ ಹಿಂದಿನ ಗರಿಕೆ ಹಾಗೇ ಇರಬೇಕು. ಹಸಿರಾಗಿರಬೇಕು, ಎಳೆದರೆ ಬರಬಾರದು. ಕೆಲವು ಕಳ್ಳ ಮೇಸ್ತ್ರಿಗಳು ಗುಡ್ಡೆಯ ಮೇಲೆ ಒಂದೆರಡು ಅಡಿ ಮಣ್ಣು ಮೆತ್ತಿ, ಬೇರೆ ಕಡೆಯ ಹುಲ್ಲಿನ ಹೆಂಟೆ ತಂದು ಟೋಪಿಯ ಹಾಗೆ ಕೂರಿಸಿ ಹೆಚ್ಚು ಅಳತೆ ಹೊಡೆಯುತ್ತಿದ್ದರು. ಅದಕ್ಕೇ ಹುಲ್ಲು ಎಳೆದು ನೋಡುವ ಪದ್ಧತಿ. ಜೀವ ಇರುವ ಗರಿಕೆ ಬೇರು ಬಿಟ್ಟು ನಿಂತಿದ್ದರೆ ಎದುರು ಮಾತಿಲ್ಲ. ಉಚ್ಚಂಗಪ್ಪನ ಅಪ್ಪ, ಅವರಪ್ಪ ಎಲ್ಲರೂ ಆ ಗರಿಕೆಯ ಮೇಲೇ ಕೂಲಿ ಎಣಿಸಿಕೊಂಡವರು.

ಭರಣಿ ಮಳೆಯ ಹೊತ್ತಿಗೆ ಅಗೆತ ಮುಗಿಯಿತು. ಶನಿವಾರ ಅಳತೆ ಎಂದು ಶಾಂತವೀರಪ್ಪ ಹೇಳಿದ. ಶುಕ್ರವಾರ ಬೆಳಿಗ್ಗೆ ಊರಿನ ಕಚೇರಿಯ ಗುಮಾಸ್ತ ಮಲ್ಲೇಶಪ್ಪ ಛತ್ರಿ ಹಿಡಿದುಕೊಂಡು ಬಂದ. ಗುಂಡಿಯ ಸುತ್ತ ಒಂದು ಸುತ್ತು ಹಾಕಿ, "ಇದಕ್ಕೆ ಪರವಾನಗಿ ಎಲ್ಲಿ ಶಾಂತವೀರಪ್ಪನವರೆ?" ಎಂದ.

"ನನ್ನ ಹಿತ್ತಲಿಗೆ ನಂಗೇನ್ರೀ ಪರವಾನಗಿ?"

"ಹಿತ್ಲು ನಿಮ್ದೇ. ಗುಂಡಿ ಊರೊಳಗೈತೆ. ಬಾವಿ, ಹೊಂಡ, ಕೊಳ, ಏನೇ ತೋಡಿದ್ರೂ ಮೊದ್ಲು ಅರ್ಜಿ ಹಾಕ್ಬೇಕು. ನಕಾಶೆ ಮೂರು ಪ್ರತಿ. ಪಕ್ಕದ ಬಾವಿಯಿಂದ ಐವತ್ತಡಿ ದೂರ ಇರ್ಬೇಕು, ಇಲ್ಲಾಂದ್ರೆ ಬಾವಿಯವರ ಒಪ್ಪಿಗೆ ಬೇಕು. ದನ ಮಕ್ಕಳು ಬೀಳದಂಗೆ ಸುತ್ತ ಎದೆಮಟ್ಟ ಗೋಡೆ. ನೀರು ಹೊರಗೆ ಹೋಗೋಕೆ ಚರಂಡಿ. ನಿಂತ ನೀರು ನೋಡ್ರೀ, ಅದಕ್ಕೆ ಮಲೇರಿಯಾದವರ ಪತ್ರ. ಅಷ್ಟಕ್ಕೂ ಒಪ್ಪಿ ಪರವಾನಗಿ ತರೋ ತನಕ ಇದರೊಳಗೆ ಸಲಿಕೆ ಇಡಂಗಿಲ್ಲ."

ಮಲ್ಲೇಶಪ್ಪ ಲಂಚಕ್ಕೆ ಕೈ ಒಡ್ಡುವವನಲ್ಲ. ಅವನು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಹಿಂದಿನ ವರ್ಷ ಯಾರದೋ ಸುಣ್ಣದ ಗುಂಡಿಗೆ ಒಂದು ಕೂಸು ಬಿದ್ದು ಸತ್ತಿತ್ತು. ನಿಯಮ ಇರಬೇಕಾದ್ದೇ. ಆದರೆ ನಿಯಮ ಮುರಿದವನು ಗಿರಣಿಯ ಮೆತ್ತೆಯ ಮೇಲೆ ಕೂತಿದ್ದ. ಅದರ ಏಟು ಬಿದ್ದದ್ದು ಗುಂಡಿಯ ತಳದಲ್ಲಿ ನಿಂತವನಿಗೆ.

ಶನಿವಾರ ಅಳತೆ ಆಗಲಿಲ್ಲ. ಉಚ್ಚಂಗಪ್ಪ ಗಿರಣಿಗೆ ಹೋಗಿ ಹೊಟ್ಟಿನ ರಾಶಿಯ ಪಕ್ಕ ನಿಂತುಕೊಂಡ.

"ಪರವಾನಗಿ ಸಿಗದಿದ್ರೆ ಗುಂಡಿ ಮುಚ್ಚಿಸ್ಬೇಕು. ಮುಚ್ಚೋ ಗುಂಡಿಗೆ ಯಾವನು ದುಡ್ಡು ಕೊಡ್ತಾನಲೇ?" ಎಂದ ಶಾಂತವೀರಪ್ಪ.

"ದುಡ್ಡು ಆಮ್ಯಾಲೆ ಕೊಡ್ರೀ. ಅಳತೆ ಒಂದು ಮಾಡಿಬಿಡ್ರಿ. ಮಳೆ ಬಂದ್ರೆ ಗುಡ್ಡೆ ಕರಗಿಹೋಗ್ತೈತೆ."

"ಅಳತೆ ಮಾಡಿದ್ರೆ ಸಾಲ ಒಪ್ಕೊಂಡಂಗೆ. ಪರವಾನಗಿ ಬರ್ಲಿ. ಬಂದ ದಿನ ಅಳೀತೀನಿ, ಅಳತೆ ಎಷ್ಟಿರ್ತೈತೋ ಅಷ್ಟು ಎಣಿಸಿ ಕೊಡ್ತೀನಿ. ನಂಗೂ ಗಿರಣಿ ಬಿಟ್ಟು ಓಡಾಡೋಕೆ ಪುರಸೊತ್ತಿಲ್ಲ. ಅವಸರ ಇದ್ರೆ ನೀನೇ ಹೋಗಿ ಪತ್ರ ಮಾಡಿಸ್ಕೊಂಡು ಬಾ."

ಅರ್ಜಿಗೆ ಹೆಬ್ಬೆಟ್ಟು ಒತ್ತುವುದಕ್ಕಿಂತ ಹೆಚ್ಚು ಅಕ್ಷರ ಗೊತ್ತಿಲ್ಲದ, ಈ ಭೂಮಿಯ ಮೇಲೆ ಒಂದು ಅಂಗೈಯಷ್ಟೂ ನೆಲ ಇಲ್ಲದ ಉಚ್ಚಂಗಪ್ಪ ಸಾಹುಕಾರನ ಈಜುಗುಂಡಿಯ ಪರವಾನಗಿಗೆ ಅಲೆಯತೊಡಗಿದ್ದು ಹೀಗೆ.

ಹೊರಡುವ ಮುಂಚೆ ಗುಡ್ಡೆಯನ್ನು ಕಾಪಾಡಬೇಕು. ಬುಡಕ್ಕೆ ಸುತ್ತ ಕಲ್ಲು ಜೋಡಿಸಿದ. ಮೇಲೆ ಒಂದು ಮೊಳ ದಪ್ಪ ಹುಲ್ಲು ಹರಡಿ, ಗೋಣಿಚೀಲ ಹೊದಿಸಿ, ಅದರ ಮೇಲೆ ತನ್ನ ಕಂಬಳಿ ಹಾಕಿ ಹಗ್ಗ ಬಿಗಿದ. ಅವನ ಹೆಂಡತಿ ಕೆಂಚವ್ವ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡುತ್ತಿದ್ದಳು.

"ಬಾಣಂತಿಗೂ ಇಷ್ಟು ಹೊದಿಸಲ್ಲ ನೀನು," ಎಂದಳು.

"ಬಾಣಂತಿ ಕರಗಲ್ಲ. ಮಣ್ಣು ಕರಗ್ತೈತೆ."

"ಗರಿಕೆ ಉಸಿರು ಕಟ್ಟಿ ಸಾಯ್ತೈತೆ ಕಣೋ. ನಡುನಡುವೆ ತೆಗೆದು ಬಿಸಿಲು ತೋರಿಸ್ಬೇಕು."

"ತೆಗೆದಾಗ ಒಂದು ಮಳೆ ಹೊಡೆದ್ರೆ? ನಾ ಬರೋ ತನಕ ಮುಟ್ಟಬ್ಯಾಡ. ಯಾರನ್ನೂ ಮುಟ್ಟಿಸಬ್ಯಾಡ."

ಅವನ ಜೀವಮಾನದಲ್ಲಿ ಯಾವ ಸಾಕ್ಷಿಗುಡ್ಡೆಯೂ ಎಂಟು ದಿನಕ್ಕಿಂತ ಹೆಚ್ಚು ನಿಂತಿರಲಿಲ್ಲ. ಎಂಟು ದಿನಕ್ಕೆ ಎಷ್ಟು ಹೊದಿಸಬೇಕು ಎಂಬುದು ಅವನಿಗೆ ಗೊತ್ತಿತ್ತು.

ಮೊದಲು ಪಕ್ಕದ ಬಾವಿ. ಅದು ಬಸವಣ್ಣೆಮ್ಮನದು. ಈಸೂರಿನ ಹೆಣ್ಣುಮಗಳು, ಶಿಕಾರಿಪುರಕ್ಕೆ ಸೊಸೆಯಾಗಿ ಬಂದು ಮೂವತ್ತು ವರ್ಷ, ಗಂಡ ಸತ್ತು ಹತ್ತು. ನಡು ಗೋಡೆಯ ವಿಷಯದಲ್ಲಿ ಶಾಂತವೀರಪ್ಪನಿಗೂ ಅವಳಿಗೂ ಕೋರ್ಟಿನಲ್ಲಿ ವ್ಯಾಜ್ಯ ನಡೆದಿತ್ತು. ಉಚ್ಚಂಗಪ್ಪ ಜಗಲಿಯ ಕೆಳಗೆ ಕೂತು ಕಾಗದ ಮುಂದಿಟ್ಟ.

"ಅವನ ಮೈ ತೊಳೆದ ನೀರು ನನ್ನ ಬಾವಿಗೆ ಇಳೀಲಿ ಅಂತ ನಾನು ರುಜು ಹಾಕ್ಬೇಕೇನು?" ಎಂದಳು ಆಕೆ.

"ಇಳಿಯಂಗಿಲ್ಲ ಯವ್ವಾ. ಗಾರೆ ಮಾಡಿಸ್ತಾರಂತೆ."

"ಅವನೇ ಬಂದು ಕೇಳ್ಲಿ."

"ಅವರು ಬರಲ್ಲ. ನೀವು ಹಾಕಲಿಲ್ಲಾಂದ್ರೆ ಅವರಿಗೇನಿಲ್ಲ, ಒಂದು ಗುಂಡಿ ಮುಚ್ಚಿಸ್ತಾರೆ. ನಮ್ಮ ಹನ್ನೆರಡು ಬಾಯಿ ಮುಚ್ಕಂತಾವೆ."

ಬಸವಣ್ಣೆಮ್ಮ ಕಾಗದ ಕೈಗೆತ್ತಿಕೊಂಡಳು. ಆಮೇಲೆ ಒಳಗೆ ಹೋಗಿ ಮಸಿಕುಡಿಕೆ ತಂದಳು. "ಕರು ಬೀಳದಂಗೆ ಗೋಡೆ ಹಾಕಿಸಬೇಕು ಅಂತ ಬರೆಸು. ನಿನ್ನ ಕೂಲಿಗೋಸ್ಕರ ಒಪ್ಪಿದೀನಿ ಅಂತ್ಲೂ ಬರೆಸು."

"ಹಂಗೆ ಬರೆಯೋಕೆ ಬರಲ್ಲವಂತೆ ಯವ್ವಾ."

"ಯಾಕೆ ಬರಲ್ಲ? ನಿಜ ಬರೆಯೋಕೆ ಮಸಿ ಜಾಸ್ತಿ ಬೇಕಾ?"

ಕೊನೆಗೆ ಬರಿ ಗೋಡೆಯ ಮಾತಿಗೆ ರುಜು ಹಾಕಿದಳು. ಇಷ್ಟಕ್ಕೆ ಹನ್ನೊಂದು ದಿನ. ನಕಾಶೆ ಬರೆಯುವವನು ಮದುವೆಗೆ ಹೋದವನು ಬರಲು ಇನ್ನೊಂದು ವಾರ. ಅಷ್ಟರಲ್ಲಿ ಕೃತ್ತಿಕೆ ಮಳೆ ಎರಡು ಸಲ ಹೊಡೆಯಿತು. ಗುಂಡಿಯಲ್ಲಿ ಮೊಣಕಾಲುದ್ದ ನೀರು ನಿಂತಿತು. ನೀರು ನಿಂತರೆ ಗುಡ್ಡೆ ಬುಡದಿಂದ ಕರಗುತ್ತದೆ. ಸಲಿಕೆ ಇಡಬಾರದೆಂದಿದ್ದರು, ನೀರು ಎತ್ತಬಾರದೆಂದಿರಲಿಲ್ಲ. ಹನ್ನೆರಡು ಜನ ಸಾಲು ನಿಂತು ಸೀಮೆಎಣ್ಣೆ ಡಬ್ಬದಲ್ಲಿ ದಿನಾ ನೀರು ಎತ್ತಿ ಹೊರಗೆ ಚೆಲ್ಲಿದರು. ಈ ಕೆಲಸಕ್ಕೆ ಅಳತೆಯೂ ಇಲ್ಲ, ಕೂಲಿಯೂ ಇಲ್ಲ. ಜೋಳ ಮುಗಿದಾಗ ಎರಡು ಕತ್ತೆಗಳನ್ನು ಶಿರಾಳಕೊಪ್ಪದ ಸಂತೆಗೆ ಹೊಡೆದುಕೊಂಡು ಹೋದರು. ಮಳೆಗಾಲದ ಬಾಗಿಲಲ್ಲಿ ಕತ್ತೆ ಕೊಳ್ಳುವವರು ಯಾರು? ಕೇಳಿದ ಬೆಲೆಗೆ ಕೊಟ್ಟು ಬಂದರು.

ರೋಹಿಣಿ ಮಳೆಯಲ್ಲಿ ಉಚ್ಚಂಗಪ್ಪ ಸೊರಬಕ್ಕೆ ನಡೆದ. ಮಲೇರಿಯಾ ಇನ್‌ಸ್ಪೆಕ್ಟರು ಕೂರುತ್ತಿದ್ದದ್ದು ಅಲ್ಲಿ. ಬಸ್ಸಿಗೆ ಕೊಡುವ ದುಡ್ಡಿನಲ್ಲಿ ಎರಡು ಹೊತ್ತಿನ ಹಿಟ್ಟು ಬರುತ್ತದೆ ಎಂದು ಲೆಕ್ಕ ಹಾಕಿ, ಅರ್ಜಿಯನ್ನು ಎಲೆಯಡಿಕೆಯ ಚೀಲದೊಳಗೆ ಇಟ್ಟುಕೊಂಡು, ಗೋಣಿ ಕೊಪ್ಪೆ ಹಾಕಿಕೊಂಡು ಹೊರಟ. ಒಂದೂವರೆ ದಿನದ ನಡಿಗೆ. ಸೊರಬದಲ್ಲಿ ಕಚೇರಿಗೆ ಬೀಗ. ಇನ್‌ಸ್ಪೆಕ್ಟರು ಔಷಧ ಹೊಡೆಸಲು ಕುಬಟೂರಿಗೆ ಹೋಗಿದ್ದಾರೆ ಎಂದರು. ಅಲ್ಲಿಂದ ಕುಬಟೂರಿಗೆ ನಡೆದ.

ಇನ್‌ಸ್ಪೆಕ್ಟರು ಮಾಬ್ಲೇಶ್ವರ ಒಂದು ಮನೆಯ ಗೋಡೆಯ ಮೇಲೆ ಔಷಧ ಹೊಡೆದ ತಾರೀಖು ಬರೆಯುತ್ತಿದ್ದ. ಸೀದಾ ಮನುಷ್ಯ. ಕಾಗದ ಓದಿ ನಕ್ಕ.

"ಈಜುಕೊಳವಾ? ಶಿಕಾರಿಪುರದಲ್ಲಾ? ಯಾರ ಕೊಳಕ್ಕೆ ಯಾರು ಅಲೆಯೂದು ಮಾರಾಯ."

"ನನ್ನ ಕೂಲಿ ಅದರಾಗೈತೆ ಸ್ವಾಮಿ."

"ನೀರು ಎಂಟು ದಿನ ನಿಂತ್ರೆ ಸೊಳ್ಳೆ ಹುಟ್ಟತ್ತೆ. ವಾರಕ್ಕೊಂದು ಸಲ ನೀರು ಖಾಲಿ ಮಾಡ್ಬೇಕು, ಇಲ್ಲಾ ಮೀನು ಬಿಡ್ಬೇಕು. ಸೊಳ್ಳೆ ಮರಿ ತಿನ್ನೂ ಸಣ್ಣ ಮೀನು ನಾವೇ ಕೊಡ್ತೇವೆ. ಬಿಡ್ತೇನೆ ಅಂತ ಸಾಹುಕಾರರು ಬರೆದುಕೊಡ್ಲಿ."

"ಅವರು ಲಿಂಗ ಕಟ್ಟಿದೋರು ಸ್ವಾಮಿ. ಹಿತ್ಲಾಗೆ ಮೀನು ಬಿಡ್ತಾರಾ?"

"ತಿನ್ಲಿಕ್ಕಲ್ಲ ಮಾರಾಯ, ಸಾಕಲಿಕ್ಕೆ." ಮಾಬ್ಲೇಶ್ವರ ಸೀಸದ ಕಡ್ಡಿಯನ್ನು ಕಿವಿಗೆ ಸಿಕ್ಕಿಸಿದ. "ನಾನೂ ಒಂದ್ಸಲ ಜಾಗ ನೋಡ್ಬೇಕು. ಹತ್ತು ದಿವಸ ಬಿಟ್ಟು ಆ ಕಡೆ ಬರ್ತೇನೆ."

"ಹತ್ತು ದಿನ ಆಗಲ್ಲ ಸ್ವಾಮಿ. ನಾಳೆನೇ ಬರ್ರೀ. ಕಾಲಿಗೆ ಬೀಳ್ತೀನಿ."

"ಏಳು, ಏಳು. ಈ ಊರಲ್ಲಿ ಮೂವತ್ತು ಮನೆ ಚಳಿಜ್ವರದಲ್ಲಿ ಮಲಗಿದೆ. ಇವರನ್ನು ಬಿಟ್ಟು ಈಜೂ ನೀರು ನೋಡ್ಲಿಕ್ಕೆ ಬರ್ಲಾ? ನೀನೇ ಹೇಳು."

ಉಚ್ಚಂಗಪ್ಪ ಜಗಲಿಯ ಒಳಗೆ ನೋಡಿದ. ಒಬ್ಬ ಮುದುಕ ಎರಡು ಕಂಬಳಿ ಹೊದ್ದುಕೊಂಡು ಗಡಗಡ ನಡುಗುತ್ತಿದ್ದ. ಕಾಗದವನ್ನು ಚೀಲಕ್ಕೆ ಸೇರಿಸಿ ಎದ್ದು ಬಂದ.

ಮೀನಿನ ಮಾತು ಕೇಳಿ ಶಾಂತವೀರಪ್ಪ ಮೂರು ದಿನ ಸಿಡುಕಿದ. ಮಠದವರನ್ನು ಕೇಳಿದ, ಹೆಂಡತಿಯನ್ನು ಕೇಳಿದ. ಕೊನೆಗೆ, "ಸದರಿ ಮೀನುಗಳನ್ನು ಈ ಮನೆಯವರು ತಿನ್ನತಕ್ಕದ್ದಲ್ಲ, ಹಿಡಿಯತಕ್ಕದ್ದೂ ಅಲ್ಲ" ಎಂಬ ಸಾಲು ಸೇರಿಸಿ ಬರೆದುಕೊಟ್ಟ. ಊರಿಗೆಲ್ಲ ನಗು. ಡಬ್ಬ ಹಿಡಿದು ಗುಂಡಿಯಲ್ಲಿ ನಿಂತವರಿಗೆ ಮಾತ್ರ ನಗು ಬರಲಿಲ್ಲ.

ಮಾಬ್ಲೇಶ್ವರ ಹೇಳಿದ ಮಾತಿನಂತೆ ಬಂದ, ನೋಡಿದ, ಪತ್ರ ಕೊಟ್ಟ. ಮಲ್ಲೇಶಪ್ಪ ಒಂದು ದಿನವೂ ತಡ ಮಾಡಲಿಲ್ಲ. ಮೃಗಶಿರ ಮಳೆಯ ನಡುವೆ ಒಂದು ಬೆಳಿಗ್ಗೆ ಮೊಹರು ಬಿದ್ದ ಪರವಾನಗಿ ಕೈಗೆ ಬಂತು. ಗುಡ್ಡೆಗೆ ಹೊದಿಕೆ ಹಾಕಿ ಆವತ್ತಿಗೆ ಮೂವತ್ತೆಂಟು ದಿನ.

ಅಳತೆಗೆ ಎಲ್ಲರೂ ಬಂದರು. ಶಾಂತವೀರಪ್ಪ ಛತ್ರಿ ಹಿಡಿದು ಅಂಚಿನಲ್ಲಿ ನಿಂತ, ಮಲ್ಲೇಶಪ್ಪ ಪಕ್ಕದಲ್ಲಿ ನಿಂತ, ಬಸವಣ್ಣೆಮ್ಮ ತನ್ನ ಗೋಡೆಯ ಮೇಲಿಂದ ನೋಡುತ್ತಿದ್ದಳು. ಉಚ್ಚಂಗಪ್ಪ ಏಣಿ ಹತ್ತಿ ಹಗ್ಗ ಬಿಚ್ಚಿದ. ಕಂಬಳಿ ತೆಗೆದ. ಗೋಣಿ ತೆಗೆದ. ಹುಲ್ಲು ಕೊಳೆತು ಬಿಸಿಯಾಗಿತ್ತು, ಹಬೆ ಎದ್ದಿತು. ಕೈಯಲ್ಲಿ ಬಳಿದು ಕೆಳಗೆ ಹಾಕಿದ.

ಗುಡ್ಡೆ ಒಂದು ಬೆರಳೂ ಕರಗಿರಲಿಲ್ಲ. ಒಂಬತ್ತು ಅಡಿ, ಅಗೆದ ದಿನದಷ್ಟೇ ನೇರ. ಅದರ ತಲೆಯ ಮೇಲಿನ ಗರಿಕೆ ಸತ್ತು ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿತ್ತು.

"ಎಳೆದು ನೋಡು," ಎಂದ ಶಾಂತವೀರಪ್ಪ.

ಉಚ್ಚಂಗಪ್ಪ ಎಳೆಯಲಿಲ್ಲ.

"ಎಳಿಯಲೇ."

ಎರಡು ಬೆರಳಲ್ಲಿ ಹಿಡಿದ. ಹೆಂಟೆಗೆ ಹೆಂಟೆಯೇ ಟೋಪಿಯ ಹಾಗೆ ಕೈಗೆ ಬಂತು. ಕೆಳಗೆ ಗೆದ್ದಲು ಬಿಳಿಬಿಳಿಯಾಗಿ ಹರಿದಾಡುತ್ತಿತ್ತು. ಕೊಳೆತ ಹುಲ್ಲಿಗೆ ಬಂದ ಗೆದ್ದಲು ಮೇಲಿನ ಬೇರುಗಳನ್ನೆಲ್ಲ ತಿಂದು, ಮಣ್ಣಿಗೂ ಹುಲ್ಲಿಗೂ ಇದ್ದ ಸಂಬಂಧ ಕಡಿದುಹಾಕಿತ್ತು.

ಶಾಂತವೀರಪ್ಪ ಮಲ್ಲೇಶಪ್ಪನ ಕಡೆ ತಿರುಗಿದ. "ನೋಡಿದ್ರಲ್ರೀ. ತಂದಿಟ್ಟ ಹುಲ್ಲು. ಅದಕ್ಕೇ ಇಷ್ಟು ದಿನ ಮುಚ್ಚಿ ಇಟ್ಟಿದ್ದು. ಎಷ್ಟು ಅಡಿ ಮೆತ್ತಿದ್ದಾನೋ ಯಾರಿಗೆ ಗೊತ್ತು."

"ಗೆದ್ದಲು ತಿಂದೈತೆ ಸಾವ್ಕಾರ್ರೆ. ನಾನು ಮೆತ್ತಿಲ್ಲ. ನನ್ನ ಮಕ್ಕಳಾಣೆ."

"ಆಣೆಗೆ ಅಳತೆ ಇಲ್ಲ."

ಗೋಡೆಯ ಮೇಲಿಂದ ಬಸವಣ್ಣೆಮ್ಮ ಕೂಗಿದಳು. "ಶಾಂತವೀರಪ್ಪ, ನಾನು ಮದುವೆಯಾಗಿ ಬಂದಾಗಿಂದ ಆ ದಿಬ್ಬ ನನ್ನ ಗೋಡೆಗಿಂತ ಎತ್ತರ ಇತ್ತು. ಅದರ ಮ್ಯಾಲೆ ನಿಮ್ಮವ್ವ ಸೆಂಡಿಗೆ ಒಣಗಿಸ್ತಿದ್ಳು. ನಿಂಗೆ ಗೊತ್ತಿಲ್ವಾ?"

"ಕೋರ್ಟಿನಾಗೆ ನನ್ನ ಮ್ಯಾಲೆ ದಾವಾ ಹಾಕಿದೋಳ ಸಾಕ್ಷಿ ನಂಗೆ ಬ್ಯಾಡ."

ಎಲ್ಲರೂ ಮಲ್ಲೇಶಪ್ಪನನ್ನು ನೋಡಿದರು. ಕೊಡುವವ ತಗೊಳ್ಳುವವರ ನಡುವಿನ ಅಳತೆಗೂ ತನ್ನ ಪರವಾನಗಿಗೂ ಸಂಬಂಧವಿಲ್ಲ ಎಂದು ಅವನು ಮೆಲ್ಲಗೆ ಹೇಳಿದ. ಅದು ನಿಜವೂ ಹೌದು. ಛತ್ರಿ ಬಿಚ್ಚಿಕೊಂಡು ಹೋದ.

ಶಾಂತವೀರಪ್ಪ ಅಂಚಿನ ಐದು ಅಡಿಯನ್ನೇ ಹಿಡಿದು ಲೆಕ್ಕ ಮಾಡಿದ. ಮುನ್ನೂರ ಎಪ್ಪತ್ತೆಂಟು ಆಗಬೇಕಾದ್ದು ಇನ್ನೂರ ಎಪ್ಪತ್ತಾಯಿತು. ಅದರಲ್ಲಿ ಮುಂಗಡ ಹಿಡಿದುಕೊಂಡ. ಉಳಿದ ದುಡ್ಡನ್ನು ಎಣಿಸಿ ಏಣಿಯ ಮೆಟ್ಟಿಲ ಮೇಲಿಟ್ಟ. ಉಚ್ಚಂಗಪ್ಪ ಸತ್ತ ಹೆಂಟೆಯನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದ. ದುಡ್ಡು ತೆಗೆದುಕೊಂಡವಳು ಕೆಂಚವ್ವ. ತೆಗೆದುಕೊಳ್ಳದೆ ಮುನಿಸಿಕೊಂಡು ಹೋಗುವಷ್ಟು ಜೋಳ ಅವರ ಗುಡಾಣದಲ್ಲಿ ಇರಲಿಲ್ಲ.

ಆ ಗುಡ್ಡೆಯನ್ನು ಕೆಡವಿ ಮಣ್ಣು ಹೊತ್ತು ಹಾಕುವ ಕೆಲಸವನ್ನೂ ಅವರಿಂದಲೇ ಮಾಡಿಸಿಕೊಂಡರು. ಕೆಡವುವಾಗ ಉಚ್ಚಂಗಪ್ಪ ಪ್ರತಿ ಹೆಂಟೆಯನ್ನೂ ಒಡೆದು ನೋಡಿದ. ಎರಡು ಅಡಿ ಕೆಳಗೆ, ಮೂರು ಅಡಿ ಕೆಳಗೆ, ಹಳೆಯ ಗರಿಕೆಯ ದಾರದಂಥ ಬೇರುಗಳು ಮಣ್ಣಿನೊಳಗೆ ಇಳಿದಿದ್ದವು. ಮೆತ್ತಿದ ಮಣ್ಣಿನಲ್ಲಿ ಬೇರು ಹಾಗೆ ಇಳಿಯುವುದಿಲ್ಲ. ಒಂದು ಹೆಂಟೆಯನ್ನು ಒಡೆಯದೆ ಉಳಿಸಿಕೊಂಡು, ಕೆಲಸ ಮುಗಿದ ಮೇಲೆ ಅದನ್ನು ಎತ್ತಿಕೊಂಡು ಗಿರಣಿಗೆ ಓಡಿದ. ಶಾಂತವೀರಪ್ಪ ಊಟಕ್ಕೆ ಕೂತಿದ್ದ. ಊಟವಾಗಿ ಎದ್ದ ಮೇಲೆ, "ಎಲ್ಲಿ, ಗುಡ್ಡೆ ತೋರಿಸು, ಬರ್ತೀನಿ" ಎಂದ. ಗುಡ್ಡೆ ಆಗಲೇ ನೆಲಸಮವಾಗಿತ್ತು. ಕೆಡವಿದವನು ತಾನೇ.

ಹೊಸಬಾಳೆಗೆ ಹೋಗುವ ದಾರಿಯುದ್ದಕ್ಕೂ ಅವನು ಕತ್ತೆಗಳ ಹಿಂದೆ ನಡೆದ. ಶಿರಾಳಕೊಪ್ಪ ದಾಟಿದ ಮೇಲೆ ಕೆಂಚವ್ವಳೇ ಕೇಳಿದಳು.

"ನೀ ಸೊರಬಕ್ಕೆ ಹೋದಾಗ ನಾಲ್ಕು ದಿನ ಒಳ್ಳೆ ಬಿಸಿಲಿತ್ತು. ಗೊತ್ತಾ?"

"ಹೂಂ."

"ಬಿಚ್ಚೋಣ ಅಂತ ಹಗ್ಗಕ್ಕೆ ಕೈ ಹಾಕಿದ್ದೆ. ಮುಟ್ಟಬ್ಯಾಡ ಅಂದಿದ್ದೀಯಲ್ಲ ಅಂತ ಬಿಟ್ಟೆ."

ಅವನು ಕತ್ತೆಗೆ ಒಂದು ಬಾರಿಸಿದ. ಕತ್ತೆಯ ತಪ್ಪೇನೂ ಇರಲಿಲ್ಲ.

ಆ ಮಳೆಗಾಲ ಉಳಿದ ನಾಲ್ಕು ಕತ್ತೆಯೂ ಹೋದವು. ಎರಡು ಸಂಸಾರ ಗುಡಿಸಲು ಕಿತ್ತು ಭದ್ರಾ ಕಾಲುವೆಯ ಕಡೆಗೆ ಹೋದವರು ಮತ್ತೆ ಅವನ ಕೈಕೆಳಗೆ ಬರಲಿಲ್ಲ. ಗರಿಕೆ ಸಾಯಿಸಿದ ಮೇಸ್ತ್ರಿ ಎಂಬ ಹೆಸರು ಅವನಿಗಿಂತ ಮುಂದೆ ಹೋಗಿ ಕೆಲಸದ ಜಾಗದಲ್ಲಿ ಕೂತಿರುತ್ತಿತ್ತು. ಅಲ್ಲಿಂದ ಮುಂದೆ ಅವನು ಮೇಸ್ತ್ರಿಯಾಗಿರಲಿಲ್ಲ. ಬೇರೆಯವರ ಗುಂಡಿಯಲ್ಲಿ ದಿನಗೂಲಿಗೆ ಅಗೆದ. ಸಾಕ್ಷಿಗುಡ್ಡೆಯ ಹತ್ತಿರ ಮಾತ್ರ ಹೋಗುತ್ತಿರಲಿಲ್ಲ, ದೂರದ ಮೂಲೆ ಹಿಡಿದು ಅಗೆಯುತ್ತಿದ್ದ.

ಈಜುಕೊಳ ಆಯಿತು. ಗಾರೆ ಆಯಿತು, ಗೋಡೆ ಆಯಿತು, ಚರಂಡಿ ಆಯಿತು, ಯಾರೂ ತಿನ್ನದ ಮೀನೂ ಬಂದವು. ಪರವಾನಗಿಗೆ ಕನ್ನಡಿ ಹಾಕಿಸಿ ಶಾಂತವೀರಪ್ಪ ಗಿರಣಿಯಲ್ಲಿ ತೂಗುಹಾಕಿದ. ಆ ಕಾಗದದಲ್ಲಿ ಬಾವಿಯ ದೂರ ಉಂಟು, ಗೋಡೆಯ ಎತ್ತರ ಉಂಟು, ಸೊಳ್ಳೆಯ ಮಾತು ಉಂಟು, ಮೀನಿನ ಮಾತೂ ಉಂಟು. ಅಗೆದವನಿಗೆ ಕೂಲಿ ಮುಟ್ಟಿದೆಯೇ ಎಂದು ಕೇಳುವ ಸಾಲು ಒಂದೂ ಇಲ್ಲ.

ಇದನ್ನು ಓದುತ್ತಿರುವ ನಿಮ್ಮ ಹಿತ್ತಲಲ್ಲೂ ಬಾವಿ ಇರಬಹುದು, ತೊಟ್ಟಿ ಇರಬಹುದು, ಪಾಯ ತೋಡಿ ಬಿಟ್ಟಿರಬಹುದು. ಅಗೆದವನಿಗೆ ಅಳತೆ ಮಾಡಿ ಕೊಟ್ಟಿದ್ದೀರಾ? ನಾಳೆ ಬಾ ಎಂದಿದ್ದರೆ ಈ ಪುಸ್ತಕ ಕೆಳಗಿಡಿ. ಟೇಪು ತೆಗೆದುಕೊಂಡು ಹೋಗಿ, ಅವನ ಎದುರಿಗೇ ಅಳೆಯಿರಿ, ಅಳೆದದ್ದನ್ನು ಬರೆದು ರುಜು ಹಾಕಿ ಅವನ ಕೈಗೆ ಕೊಡಿ, ದುಡ್ಡು ಎಣಿಸಿ. ಗರಿಕೆ ಇನ್ನೂ ಹಸಿರಾಗಿರುವಾಗಲೇ, ಇವತ್ತೇ.